ಎಂ.ಬಿ.ಎ. ಪ್ರವೇಶ ಪರೀಕ್ಷೆಯ ಲೆಕ್ಕಗಳು: ಆರು ಭಾನುವಾರಗಳ ಪಾಠ ಟಿಪ್ಪಣಿ

ಪೀಠಿಕೆ

ನಮ್ಮ ಅಭ್ಯಾಸ ಬೋಧನೆ ನಡೆಯುವುದು ಪ್ರೌಢಶಾಲೆಯ ತರಗತಿಗಳಲ್ಲಿ. ಈ ಸಲ ಅದರ ಜತೆಗೆ ಸಮುದಾಯ ಕಾರ್ಯದ ಅಂಗವಾಗಿ ಇನ್ನೊಂದು ಕೆಲಸವೂ ಗಣಿತ ವಿಧಾನದ ನಮ್ಮ ತಂಡಕ್ಕೆ ಬಂತು. ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಎಂ.ಬಿ.ಎ. ಪ್ರವೇಶ ಪರೀಕ್ಷೆಯ ಗಣಿತವನ್ನು ಆರು ಭಾನುವಾರ ಹೇಳಿಕೊಡಬೇಕಿತ್ತು. ಬಂದವರಲ್ಲಿ ಹೆಚ್ಚಿನವರು ಬಿ.ಕಾಂ., ಕೆಲವರು ಬಿ.ಎ. ಎಂ.ಬಿ.ಎ.ಗೆ ಯಾವ ಪದವಿಯಾದರೂ ನಡೆಯುವುದರಿಂದ, ಎಸ್.ಎಸ್.ಎಲ್.ಸಿ. ಮುಗಿಸಿದ ಮೇಲೆ ಗಣಿತದ ಪುಸ್ತಕವನ್ನೇ ಮುಟ್ಟದವರೂ ಅವರಲ್ಲಿದ್ದರು.

ಅವರ ಮುಂದಿದ್ದ ಪರೀಕ್ಷೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ. ಎಂ.ಬಿ.ಎ. ಪತ್ರಿಕೆಯಲ್ಲಿ 100 ಪ್ರಶ್ನೆ, 100 ಅಂಕ, 2 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಬ್ಬರು ಮಾತ್ರ ಐ.ಐ.ಎಂ.ಗಳ ಕ್ಯಾಟ್ ಬರೆಯುವ ಯೋಚನೆಯಲ್ಲಿದ್ದರು. ಸಿದ್ದಾಪುರದ ಕಡೆಯ ಒಬ್ಬ ವಿದ್ಯಾರ್ಥಿನಿ ಮೊದಲ ದಿನವೇ ತನ್ನ ಪರಿಸ್ಥಿತಿಯನ್ನು ಹೇಳಿಕೊಂಡಳು. ಒಳ್ಳೆಯ ರ‍್ಯಾಂಕ್ ಬಂದು ಸರ್ಕಾರಿ ಶುಲ್ಕದ ಸೀಟು ಸಿಕ್ಕರೆ ಮಾತ್ರ ಮನೆಯವರು ಕಳಿಸುತ್ತಾರೆ, ಇಲ್ಲದಿದ್ದರೆ ಓದು ಇಲ್ಲಿಗೇ ನಿಂತಿತು. “ಗಣಿತದ ಭಾಗ ಬಿಟ್ಟುಬಿಡ್ತೇನೆ ಮೇಡಂ, ಉಳಿದದ್ದರಲ್ಲಿ ನೋಡ್ಕೊಳ್ತೇನೆ” ಎಂಬುದು ಅವಳು ಆಗಲೇ ಮಾಡಿಕೊಂಡಿದ್ದ ತೀರ್ಮಾನ. ಹೀಗೆ ಗಣಿತವನ್ನು ಮೊದಲೇ ಕೈಬಿಟ್ಟವರು ಇನ್ನೂ ಮೂವರಿದ್ದರು. ಆರು ವಾರಗಳಲ್ಲಿ ನಮ್ಮ ನಿಜವಾದ ಕೆಲಸ ಈ ತೀರ್ಮಾನವನ್ನು ಬದಲಿಸುವುದಾಗಿತ್ತು.

ಪೂರ್ವಜ್ಞಾನ ಪರೀಕ್ಷೆ ಮತ್ತು ಉದ್ದೇಶಗಳು

ಮೊದಲು ಹತ್ತು ಪ್ರಶ್ನೆಗಳ ನೈದಾನಿಕ ಪರೀಕ್ಷೆ ಕೊಟ್ಟೆವು. ‘400ರ ಶೇ. 25 ಎಷ್ಟು?’ ಎಂಬುದನ್ನು ಎಲ್ಲರೂ ಬಿಡಿಸಿದರು. ‘ಅ ಎಂಬುದು ಬ ಎಂಬುದಕ್ಕಿಂತ ಶೇ. 25 ಹೆಚ್ಚು. ಹಾಗಾದರೆ ಬ, ಅ ಗಿಂತ ಶೇ. ಎಷ್ಟು ಕಡಿಮೆ?’ ಎಂಬುದಕ್ಕೆ ಹೆಚ್ಚಿನವರು 25 ಎಂದೇ ಬರೆದರು. ಗುಣಾಕಾರ, ಭಾಗಾಕಾರದಲ್ಲಿ ತೊಡಕಿರಲಿಲ್ಲ. ಯಾವುದನ್ನು 100 ಎಂದು ಹಿಡಿಯಬೇಕು ಎಂಬಲ್ಲಿ ತೊಡಕಿತ್ತು. ಇದರ ಆಧಾರದ ಮೇಲೆ ಮೂರು ಉದ್ದೇಶಗಳನ್ನು ಇಟ್ಟುಕೊಂಡೆವು.

1. ವಿದ್ಯಾರ್ಥಿಯು ಸಮಸ್ಯೆಯ ವಾಕ್ಯದಲ್ಲಿ ಆಧಾರ ಸಂಖ್ಯೆಯನ್ನು ಗುರುತಿಸುವನು.
2. ಬದಲಾಗುವುದು ಯಾವುದು, ಬದಲಾಗದೆ ಉಳಿಯುವುದು ಯಾವುದು ಎಂದು ಬೇರ್ಪಡಿಸುವನು.
3. ಉತ್ತರ ಬಂದ ಮೇಲೆ ಅದು ಲೋಕದಲ್ಲಿ ನಡೆಯುವ ಮಾತೇ ಎಂದು ಪರಿಶೀಲಿಸುವನು.

ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಮಸ್ಯಾ ಪರಿಹಾರಕ್ಕೆ ನಾಲ್ಕು ಹಂತಗಳನ್ನು ಹೇಳಿದ್ದಾರೆ: ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದು, ಯೋಜನೆ ಹಾಕುವುದು, ಅದನ್ನು ನಡೆಸುವುದು, ಹಿಂತಿರುಗಿ ನೋಡುವುದು. ತರಬೇತಿ ಪುಸ್ತಕಗಳ ಕಿರುದಾರಿಗಳೆಲ್ಲ ಮೂರನೆಯ ಹಂತಕ್ಕೆ ಸೇರಿದವು. ನಮ್ಮ ವಿದ್ಯಾರ್ಥಿಗಳು ಎಡವುತ್ತಿದ್ದುದು ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ. ಮೂರೂ ಉದ್ದೇಶಗಳು ಹುಟ್ಟಿದ್ದು ಹೀಗೆ.

ಬೋಧನೋಪಕರಣಕ್ಕೆ ಖರ್ಚಾಗಲಿಲ್ಲ. ಪತ್ರಿಕೆಯ ಮಾರುಕಟ್ಟೆ ಧಾರಣೆಯ ಕಾಲಂ, ಒಂದು ಸಣ್ಣ ತಕ್ಕಡಿ, ಒಂದು ಹಿಡಿ ಕಾಳುಮೆಣಸು, ಒಂದು ಗಡಿಯಾರ, ಇಷ್ಟೇ. ಮುಂದಿನ ಉದಾಹರಣೆಗಳಲ್ಲಿರುವ ದರಗಳು ಲೆಕ್ಕಕ್ಕಾಗಿ ಹಿಡಿದವು, ಪೇಟೆಯ ದರಗಳಲ್ಲ.

ಮೊದಲ ಪಾಠ: ‘ಗಿಂತ’ ಎಲ್ಲಿದೆ?

ಪರೀಕ್ಷೆ ಇಂಗ್ಲಿಷ್‌ನಲ್ಲಿ. ಆದರೆ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಂಡರೆ ಆಧಾರ ಸಂಖ್ಯೆ ತಾನೇ ಎದ್ದು ಕಾಣುತ್ತದೆ. ಕನ್ನಡದ ಪ್ರತ್ಯಯಗಳು ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಕಪ್ಪುಹಲಗೆಯ ಮೇಲೆ ಬರೆದೆ:

ಚಾಲಿಯ ದರ ಬೆಟ್ಟೆಯ ದರಕ್ಕಿಂತ ಶೇ. 25 ಹೆಚ್ಚು.

“ಇದರಲ್ಲಿ ‘ಗಿಂತ’ ಯಾವ ಪದಕ್ಕೆ ಹತ್ತಿದೆ?” ಎಂದು ಕೇಳಿದೆ. ಬೆಟ್ಟೆಯ ದರಕ್ಕೆ. ಹಾಗಾದರೆ ಬೆಟ್ಟೆ 100, ಚಾಲಿ 125. ಈಗ ಪ್ರಶ್ನೆಯನ್ನು ತಿರುಗಿಸಿದೆ: ಬೆಟ್ಟೆಯ ದರ ಚಾಲಿಯ ದರಕ್ಕಿಂತ ಶೇ. ಎಷ್ಟು ಕಡಿಮೆ? ಈಗ ‘ಗಿಂತ’ ಚಾಲಿಗೆ ಹತ್ತಿದೆ. ವ್ಯತ್ಯಾಸ ಅದೇ 25. ಆದರೆ ಅದನ್ನು ಅಳೆಯಬೇಕಾದದ್ದು 125ರ ಮೇಲೆ. 25ನ್ನು 125ರಿಂದ ಭಾಗಿಸಿದರೆ ಐದನೆಯ ಒಂದು ಭಾಗ, ಅಂದರೆ ಶೇ. 20.

ಇಂಗ್ಲಿಷ್ ವಾಕ್ಯದಲ್ಲಿ ‘ದ್ಯಾನ್’ ಎಂಬುದರ ಮುಂದೆ ಬರುವ ಪದವೇ ಕನ್ನಡದಲ್ಲಿ ‘ಗಿಂತ’ ಹತ್ತಿಸಿಕೊಳ್ಳುವ ಪದ. ‘ಆಫ್’ ಎಂಬುದರ ಮುಂದಿನ ಪದಕ್ಕೆ ಕನ್ನಡದಲ್ಲಿ ಷಷ್ಠೀ ವಿಭಕ್ತಿ ಹತ್ತುತ್ತದೆ: ‘ಚಾಲಿಯ ಶೇ. 20’ ಎಂದರೆ ಚಾಲಿಯೇ 100. ಇನ್ನೊಂದು ಜೋಡಿಯನ್ನೂ ಹೇಳಿಕೊಟ್ಟೆ. ‘ಇನ್‌ಕ್ರೀಸ್ಡ್ ಬೈ 20’ ಎಂದರೆ 20ರಷ್ಟು ಏರಿತು, ‘ಇನ್‌ಕ್ರೀಸ್ಡ್ ಟು 20’ ಎಂದರೆ 20ಕ್ಕೆ ಏರಿತು. ‘ರಷ್ಟು’ ಮತ್ತು ‘ಕ್ಕೆ’ ನಡುವಿನ ವ್ಯತ್ಯಾಸ ಇಲ್ಲಿ ಯಾರಿಗೂ ಹೊಸದಲ್ಲ. ಅದನ್ನು ಆ ಎರಡು ಇಂಗ್ಲಿಷ್ ಪದಗಳಿಗೆ ಕಟ್ಟಿಕೊಳ್ಳಬೇಕಿತ್ತು, ಅಷ್ಟೇ.

‘ಗಿಂತ’ ಅಡಗಿರುವ ವಾಕ್ಯಗಳೂ ಇವೆ. ‘ದರ ಶೇ. 20 ಏರಿತು, ಆಮೇಲೆ ಶೇ. 20 ಇಳಿಯಿತು.’ ಯಾವುದಕ್ಕಿಂತ ಏರಿತು? ಮೊದಲಿಗಿಂತ. ಯಾವುದಕ್ಕಿಂತ ಇಳಿಯಿತು? ಏರಿದ ದರಕ್ಕಿಂತ. ಕ್ವಿಂಟಾಲಿಗೆ 50,000 ರೂ. ಇದ್ದದ್ದು 60,000 ಆಯಿತು. ಇಳಿದದ್ದು 60,000ದ ಶೇ. 20, ಅಂದರೆ 12,000. ಉಳಿದದ್ದು 48,000. ಒಟ್ಟಿನಲ್ಲಿ ಶೇ. 4 ನಷ್ಟ. ಅಡಗಿರುವ ‘ಗಿಂತ’ವನ್ನು ಪೆನ್ಸಿಲಿನಿಂದ ಬರೆದುಕೊಂಡ ಮೇಲೇ ಲೆಕ್ಕಕ್ಕೆ ಕೈ ಹಾಕಬೇಕೆಂಬುದು ಆರು ವಾರಗಳ ನಿಯಮವಾಯಿತು.

ಎರಡನೆಯ ಪಾಠ: ಬದಲಾಗದೆ ಉಳಿಯುವುದು

ಪ್ರಶ್ನೆ ಹೀಗಿತ್ತು: 100 ಕಿಲೋ ಹಸಿ ಕಾಳುಮೆಣಸಿನಲ್ಲಿ ತೇವಾಂಶ ಶೇ. 70. ಒಣಗಿಸಿದ ಮೇಲೆ ತೇವಾಂಶ ಶೇ. 12. ಈಗ ತೂಕ ಎಷ್ಟು? ಆಯ್ಕೆಗಳು: 58, 42, 34, 30.

ಹೆಚ್ಚಿನವರು 42 ಎಂದರು. 70ರಿಂದ 12 ಕಳೆದರೆ 58, ಅಷ್ಟು ನೀರು ಹೋಯಿತು, ಉಳಿದದ್ದು 42 ಎಂಬುದು ಅವರ ವಾದ. ನಾನು ಸರಿ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ಮೇಜಿನ ಮೇಲೆ ಕಾಳನ್ನಿಟ್ಟು, “ಮನೆಯಲ್ಲಿ ಒಣಗಿಸಿದವರು ಯಾರಾದರೂ ಇದ್ದೀರಾ?” ಎಂದು ಕೇಳಿದೆ. ಗಣಿತದ ಭಾಗ ಬಿಟ್ಟುಬಿಡುವೆನೆಂದಿದ್ದ ಸಿದ್ದಾಪುರದ ವಿದ್ಯಾರ್ಥಿನಿ ಮಾತಾಡಿದಳು: “ನಮ್ಮನೇಲಿ ಮೂರು ಕಿಲೋ ಹಸಿ ಕಾಳಿಗೆ ಒಂದು ಕಿಲೋ ಒಣಕಾಳು ಅಂತ ಲೆಕ್ಕ ಮೇಡಂ. 100ಕ್ಕೆ 42 ಹೆಂಗೆ ಬರ್ತದೆ? 33, 34 ಬರಬೇಕು.”

ತರಗತಿ ಸುಮ್ಮನಾಯಿತು. ಉತ್ತರ 34 ಇರಬೇಕೆಂದು ಅವಳು ಅಂಗಳದ ಅನುಭವದಿಂದ ಹೇಳಿದ್ದಳು. ಕಾರಣವನ್ನು ಹುಡುಕುವುದು ಈಗ ಎಲ್ಲರ ಕೆಲಸವಾಯಿತು. “ಬಿಸಿಲಿಗೆ ಹಾಕಿದಾಗ ಹೋಗುವುದೇನು?” ನೀರು. “ಹೋಗದೆ ಉಳಿಯುವುದೇನು?” ಒಳಗಿನ ತಿರುಳು, ಸಿಪ್ಪೆ. ಅದು ಮೊದಲು ಎಷ್ಟಿತ್ತು? 100ರಲ್ಲಿ 30 ಕಿಲೋ. ಕೊನೆಯಲ್ಲಿ? ಅದೇ 30 ಕಿಲೋ. ಆದರೆ ಈಗ ಆ 30 ಕಿಲೋ ಒಟ್ಟು ತೂಕದ ಶೇ. 88. ಹಾಗಾದರೆ ಒಟ್ಟು ತೂಕ 30ನ್ನು 0.88ರಿಂದ ಭಾಗಿಸಿದಷ್ಟು, ಸುಮಾರು 34.1 ಕಿಲೋ.

42 ಏಕೆ ತಪ್ಪು ಎಂಬುದನ್ನೂ ಅವರೇ ಹೇಳಿದರು: 70 ಎಂಬುದು ಹಸಿ ತೂಕದ ಶೇಕಡಾ, 12 ಎಂಬುದು ಒಣ ತೂಕದ ಶೇಕಡಾ. ಬೇರೆ ಬೇರೆ ಆಧಾರದ ಶೇಕಡಾಗಳನ್ನು ಒಂದರಿಂದ ಒಂದು ಕಳೆಯುವಂತಿಲ್ಲ. ಮೊದಲ ಪಾಠದ ‘ಗಿಂತ’ ಇಲ್ಲಿ ಮತ್ತೆ ಸಿಕ್ಕಿತು. ಅಂದಿನಿಂದ ಪ್ರತಿ ಲೆಕ್ಕಕ್ಕೂ ಮೊದಲು ‘ಇಲ್ಲಿ ಬದಲಾಗದ್ದು ಯಾವುದು?’ ಎಂಬ ಪ್ರಶ್ನೆ ಹಲಗೆಯ ಮೂಲೆಯಲ್ಲಿ ಉಳಿಯಿತು. ವಯಸ್ಸಿನ ಲೆಕ್ಕದಲ್ಲಿ ಬದಲಾಗದ್ದು ಇಬ್ಬರ ವಯಸ್ಸಿನ ವ್ಯತ್ಯಾಸ. ಕೆಲಸದ ಲೆಕ್ಕದಲ್ಲಿ ಮಾಡಬೇಕಾದ ಒಟ್ಟು ಕೆಲಸ. ಹಾಲಿಗೆ ನೀರು ಬೆರೆಸುವ ಲೆಕ್ಕದಲ್ಲಿ ಹಾಲು.

ಮೂರನೆಯ ಪಾಠ: ಮಿಶ್ರಣ, ಮತ್ತು ಒಂದು ಆಕ್ಷೇಪ

ಕಿಲೋಗೆ 400 ರೂ. ಮತ್ತು 360 ರೂ. ದರದ ಎರಡು ಬಗೆಯ ಅಡಿಕೆಯನ್ನು ಯಾವ ಅನುಪಾತದಲ್ಲಿ ಬೆರೆಸಿದರೆ ಸರಾಸರಿ 370 ಆಗುತ್ತದೆ? ತರಬೇತಿ ಪುಸ್ತಕಗಳಲ್ಲಿ ಇದಕ್ಕೆ ಅಡ್ಡಗೆರೆಗಳ ಒಂದು ಚಿತ್ರವಿರುತ್ತದೆ. ಅದನ್ನು ಬಾಯಿಪಾಠ ಮಾಡಿದವರು ಅನುಪಾತವನ್ನು ತಲೆಕೆಳಗಾಗಿ ಬರೆಯುವುದು ಸಾಮಾನ್ಯ. ಆದ್ದರಿಂದ ತಕ್ಕಡಿಯನ್ನು ತೋರಿಸಿದೆ. 370ರಲ್ಲಿ ಮುಳ್ಳು ನಿಲ್ಲಬೇಕು. 400ರ ಅಡಿಕೆ ಕಿಲೋಗೆ 30 ರೂ. ಹೆಚ್ಚು, 360ರದ್ದು ಕಿಲೋಗೆ 10 ರೂ. ಕಡಿಮೆ. ಒಂದು ಕಿಲೋದ 30 ರೂ. ಹೆಚ್ಚಳವನ್ನು ಸರಿದೂಗಿಸಲು 10 ರೂ. ಕೊರತೆಯ ಮೂರು ಕಿಲೋ ಬೇಕು. ಅನುಪಾತ 1:3. ತಾಳೆ ನೋಡೋಣ: 400 ಮತ್ತು 1,080 ಕೂಡಿದರೆ 1,480. ಅದನ್ನು 4ರಿಂದ ಭಾಗಿಸಿದರೆ 370.

ಆಗ ಶಿರಸಿಯ ಒಬ್ಬ ವಿದ್ಯಾರ್ಥಿ ಎದ್ದು ನಿಂತ. “ಮೇಡಂ, ಹೀಗೆ ಬೆರೆಸಿ ಪೇಟೆಗೆ ಒಯ್ದರೆ 370 ಕೊಡೋದಿಲ್ಲ. ಕೆಳಗಿನ ದರ್ಜೆಯ ದರವೇ ಸಿಗ್ತದೆ. ಅದಕ್ಕೇ ಅಲ್ವಾ ಮನೇಲಿ ಆರಿಸಿ ಆರಿಸಿ ಬೇರೆ ಮಾಡೋದು?”

ಇದು ತಮಾಷೆಯ ಮಾತಲ್ಲ. ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಆರಂಭವಾದದ್ದು 1923ರಲ್ಲಿ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂಬ ವಿಂಗಡಣೆ ಇಲ್ಲಿಯ ಮಕ್ಕಳಿಗೆ ಅಕ್ಷರದ ಜತೆಗೇ ಬರುತ್ತದೆ. ಅವನ ಆಕ್ಷೇಪವನ್ನು ‘ಅದೆಲ್ಲ ಇಲ್ಲಿ ಬೇಡ’ ಎಂದು ತಳ್ಳಿಹಾಕಿದರೆ, ಹಿಂದಿನ ವಾರ ಅಂಗಳದ ಅನುಭವಕ್ಕೆ ಕೊಟ್ಟ ಬೆಲೆ ಸುಳ್ಳಾಗುತ್ತಿತ್ತು. ಆದ್ದರಿಂದ ಹಲಗೆಯನ್ನು ಎರಡು ಭಾಗ ಮಾಡಿದೆ. ಎಡಕ್ಕೆ ‘ಪ್ರಶ್ನೆಯ ಲೋಕ’, ಬಲಕ್ಕೆ ‘ಪೇಟೆಯ ಲೋಕ’. ಪ್ರಶ್ನೆ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿರುವ ಮಾತುಗಳನ್ನು ವಿದ್ಯಾರ್ಥಿಗಳೇ ಎಡಕ್ಕೆ ಬರೆದರು: ಬೆರೆಸಿದರೆ ತೂಕ ಕಡಿಮೆಯಾಗುವುದಿಲ್ಲ, ಪ್ರತಿ ಕಿಲೋ ತನ್ನ ಬೆಲೆಯನ್ನು ಉಳಿಸಿಕೊಳ್ಳುತ್ತದೆ. ಬಲಕ್ಕೆ ಬರೆದದ್ದು: ಕೊಳ್ಳುವವನು ರಾಶಿಯಲ್ಲಿ ಕೆಟ್ಟದ್ದನ್ನು ನೋಡಿ ದರ ಹೇಳುತ್ತಾನೆ.

ಪರೀಕ್ಷೆಯ ಕೋಣೆಯಲ್ಲಿ ಎಡಭಾಗದ ನಿಯಮದಂತೆ ಉತ್ತರಿಸಬೇಕು. ನಾಳೆ ವ್ಯವಹಾರ ನಡೆಸುವಾಗ ಬಲಭಾಗವನ್ನು ಮರೆತರೆ ಮನೆ ಹಾಳು. ವಾಣಿಜ್ಯ ಓದಹೊರಟವರಿಗೆ ಈ ಎರಡನ್ನೂ ಬೇರೆಯಾಗಿಟ್ಟು ನೋಡುವುದು ಅಗತ್ಯವೆಂದು ನನಗೆ ಅನ್ನಿಸಿತು. ಇದೇ ಲೆಕ್ಕ ಪೂರ್ತಿ ಸಲ್ಲುವ ಇನ್ನೊಂದು ಉದಾಹರಣೆ ಕೊಟ್ಟೆ: ಹುಡುಗರ ಸರಾಸರಿ ಅಂಕ 60, ಹುಡುಗಿಯರದು 75, ತರಗತಿಯದು 70. ಒಬ್ಬ ಹುಡುಗನ ಕೊರತೆ 10, ಒಬ್ಬ ಹುಡುಗಿಯ ಹೆಚ್ಚಳ 5. ಆದ್ದರಿಂದ ಒಬ್ಬ ಹುಡುಗನಿಗೆ ಇಬ್ಬರು ಹುಡುಗಿಯರು.

ಇಂಥ ಲೆಕ್ಕಗಳು ನಮ್ಮ ನಾಡಿಗೆ ಹೊಸವಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಮಿಶ್ರಕ ವ್ಯವಹಾರಕ್ಕೆಂದೇ ಒಂದು ಅಧ್ಯಾಯವಿದೆ. 12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಇದನ್ನು ಹೇಳಿದಾಗ ಯಲ್ಲಾಪುರದ ಬಿ.ಎ. ವಿದ್ಯಾರ್ಥಿಯೊಬ್ಬ, “ಹಾಗಾದ್ರೆ ಇದು ಇಂಗ್ಲಿಷಿನವರ ಲೆಕ್ಕ ಅಲ್ಲ” ಎಂದ. ಆ ಒಂದು ಮಾತಿಗಾಗಿಯೇ ಆ ಐದು ನಿಮಿಷ ಸಾರ್ಥಕ.

ನಾಲ್ಕನೆಯ ಪಾಠ: ಸರಾಸರಿ ವೇಗ

ಒಂದು ವಾಹನ ದೇವಿಮನೆ ಘಟ್ಟ ಇಳಿಯುವಾಗ ಗಂಟೆಗೆ 40 ಕಿ.ಮೀ., ಅದೇ ದಾರಿಯಲ್ಲಿ ಹತ್ತುವಾಗ 24 ಕಿ.ಮೀ. ವೇಗದಲ್ಲಿ ಹೋಗುತ್ತದೆ ಎಂದುಕೊಳ್ಳೋಣ. ಸರಾಸರಿ ವೇಗ 32 ಎಂದು ಉತ್ತರ ಬಂತು. “ಯಾವುದರಲ್ಲಿ ಹೆಚ್ಚು ಹೊತ್ತು ಕೂತಿರುತ್ತೀರಿ, ಇಳಿಯುವಾಗಲೋ ಹತ್ತುವಾಗಲೋ?” ಹತ್ತುವಾಗ. ಹಾಗಾದರೆ ಸರಾಸರಿ 24ರ ಕಡೆಗೆ ವಾಲಲೇಬೇಕು, ನಟ್ಟನಡುವೆ ನಿಲ್ಲಲಾರದು. ದೂರ ಕೊಟ್ಟಿಲ್ಲ, ಆದ್ದರಿಂದ ಅನುಕೂಲದ ದೂರ ಹಿಡಿಯಬಹುದು. 40 ಮತ್ತು 24ರ ಲ.ಸಾ.ಅ. 120. ಇಳಿಯಲು 3 ಗಂಟೆ, ಹತ್ತಲು 5 ಗಂಟೆ. 240 ಕಿ.ಮೀ.ಗೆ 8 ಗಂಟೆ, ಸರಾಸರಿ 30. ಅಷ್ಟು ಉದ್ದದ ಘಟ್ಟ ಎಲ್ಲಿಯೂ ಇಲ್ಲ ಎಂದು ನಕ್ಕರು. ದೂರ ಎಷ್ಟೇ ಇದ್ದರೂ ಉತ್ತರ ಬದಲಾಗದು ಎಂಬುದನ್ನು 60 ಕಿ.ಮೀ. ಹಿಡಿದು ತಾವೇ ಪರೀಕ್ಷಿಸಿಕೊಂಡರು: ಒಂದೂವರೆ ಗಂಟೆ, ಎರಡೂವರೆ ಗಂಟೆ, 120 ಕಿ.ಮೀ.ಗೆ 4 ಗಂಟೆ, ಮತ್ತೆ 30.

ಐದನೆಯ ಪಾಠ: ಮಾಹಿತಿ ಸಾಕೇ?

ಜಿಮ್ಯಾಟ್ ಪರೀಕ್ಷೆ ಮೊದಲು ನಡೆದದ್ದು 1954ರಲ್ಲಿ. ಅದರಿಂದ ಪ್ರಸಿದ್ಧವಾದ ಒಂದು ಪ್ರಶ್ನೆಮಾದರಿಯಲ್ಲಿ ಉತ್ತರ ಕಂಡುಹಿಡಿಯುವುದು ಕೆಲಸವಲ್ಲ. ಕೊಟ್ಟ ಮಾಹಿತಿ ಸಾಕೇ ಎಂದು ತೀರ್ಮಾನಿಸಬೇಕು.

ಒಬ್ಬ ಬೆಳೆಗಾರ ಚಾಲಿ ಮತ್ತು ರಾಶಿ ಸೇರಿ 12 ಕ್ವಿಂಟಾಲ್ ಮಾರಿದ. ಚಾಲಿ ಎಷ್ಟು?
ಹೇಳಿಕೆ 1: ರಾಶಿಯು ಚಾಲಿಯ ಎರಡರಷ್ಟಿತ್ತು.
ಹೇಳಿಕೆ 2: ಒಟ್ಟು 5,40,000 ರೂ. ಬಂತು.

ಮೊದಲ ಹೇಳಿಕೆ ಒಂದೇ ಸಾಕು. 12ರಲ್ಲಿ ಮೂರು ಪಾಲು ಮಾಡಿದರೆ ಒಂದು ಪಾಲು ಚಾಲಿ. ಎರಡನೆಯದು ಒಂದೇ ಸಾಲದು, ಏಕೆಂದರೆ ದರ ಗೊತ್ತಿಲ್ಲ. ಸಂಖ್ಯೆ ದೊಡ್ಡದಾಗಿದ್ದರಿಂದ ಅದು ಮುಖ್ಯವಾದ ಮಾಹಿತಿ ಎಂದು ಕೆಲವರಿಗೆ ಅನ್ನಿಸಿತ್ತು. ಎರಡನೆಯ ಹೇಳಿಕೆಯನ್ನು ‘ರಾಶಿಯು ಚಾಲಿಗಿಂತ 4 ಕ್ವಿಂಟಾಲ್ ಹೆಚ್ಚು’ ಎಂದು ಬದಲಿಸಿದಾಗ ಎರಡೂ ಪ್ರತ್ಯೇಕವಾಗಿ ಸಾಕಾದವು. ಕೂಡಿಸಿ ಗುಣಿಸುವ ಮೊದಲೇ ‘ನನಗೆ ಗೊತ್ತಿರುವುದು ಸಾಕೇ?’ ಎಂದು ಕೇಳಿಕೊಳ್ಳುವ ಅಭ್ಯಾಸಕ್ಕೆ ಈ ಮಾದರಿ ಒಳ್ಳೆಯದು. ಪ್ರೌಢಶಾಲೆಯ ತರಗತಿಯಲ್ಲೂ ಇದನ್ನು ಬಳಸಬಹುದು.

ಆರನೆಯ ಪಾಠ: ಗಡಿಯಾರ ಮತ್ತು ಆಯ್ಕೆಗಳು

ಪಿಜಿಸಿಇಟಿಯಲ್ಲಿ 120 ನಿಮಿಷಕ್ಕೆ 100 ಪ್ರಶ್ನೆ, ಅಂದರೆ ಒಂದಕ್ಕೆ 72 ಸೆಕೆಂಡು. ಮೂರನೆಯ ವಾರದ ಚರ್ಚೆಯಲ್ಲೇ ನನ್ನ ಸಹಪಾಠಿ ವೀಕ್ಷಕರೊಬ್ಬರು ಕೇಳಿದ್ದರು: “72 ಸೆಕೆಂಡಿನಲ್ಲಿ ‘ಗಿಂತ’ ಹುಡುಕುತ್ತ ಕೂತರೆ ಪತ್ರಿಕೆ ಮುಗಿಯುತ್ತದೆಯೇ? ಸೂತ್ರ ಕೊಟ್ಟುಬಿಡಬಾರದೇ?” ಪ್ರಶ್ನೆ ನ್ಯಾಯವಾದದ್ದೇ. ವಿಧಾನ ಬೋಧಕರ ಜತೆ ಕೂತು ಒಂದು ಒಪ್ಪಂದಕ್ಕೆ ಬಂದೆವು: ಸೂತ್ರ ಕೊಡೋಣ, ಆದರೆ ವಿದ್ಯಾರ್ಥಿಗಳು ಅದನ್ನು ಒಮ್ಮೆ ತಾವೇ ಕಟ್ಟಿದ ಮೇಲೆ. ಒಂದರ ಮೇಲೊಂದು ಬರುವ ಎರಡು ಶೇಕಡಾ ಬದಲಾವಣೆಗಳಿಗೆ, ಎರಡನ್ನೂ ಕೂಡಿಸಿ, ಅವುಗಳ ಗುಣಲಬ್ಧದ ನೂರನೆಯ ಒಂದು ಭಾಗವನ್ನು ಸೇರಿಸಬೇಕೆಂಬ ಸೂತ್ರವನ್ನು ಅವರು 100 ರೂ. ಹಿಡಿದು ತಾವೇ ಕಂಡುಕೊಂಡರು. ಇಳಿಕೆಗೆ ಋಣ ಚಿಹ್ನೆ. 20 ಮತ್ತು ಋಣ 20 ಕೂಡಿದರೆ ಸೊನ್ನೆ, ಗುಣಲಬ್ಧ ಋಣ 400, ನೂರನೆಯ ಒಂದು ಭಾಗ ಋಣ 4. ಮೊದಲ ಪಾಠದ ಉತ್ತರ ಇಲ್ಲಿ ಹತ್ತು ಸೆಕೆಂಡಿನಲ್ಲಿ ಬಂತು.

ಆಮೇಲೆ ಊಹೆಯ ಲೆಕ್ಕ. ಪಿಜಿಸಿಇಟಿಯಲ್ಲಿ ತಪ್ಪಿಗೆ ದಂಡವಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕ್ಯಾಟ್‌ನಲ್ಲಿ ಬಹು ಆಯ್ಕೆಯ ಪ್ರಶ್ನೆಗೆ ಸರಿಯಾದರೆ 3 ಅಂಕ, ತಪ್ಪಾದರೆ 1 ಅಂಕ ಕಳೆಯುತ್ತಾರೆ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಗುರುತು ಹಾಕುತ್ತ ಹೋದರೆ, ನಾಲ್ಕು ಪ್ರಶ್ನೆಗೆ ಸರಾಸರಿ ಒಂದು ಸರಿ, ಮೂರು ತಪ್ಪು: 3 ಬಂತು, 3 ಹೋಯಿತು, ಉಳಿದದ್ದು ಸೊನ್ನೆ. ಆದರೆ ಒಂದು ಆಯ್ಕೆಯನ್ನು ಖಚಿತವಾಗಿ ತೆಗೆದುಹಾಕಬಲ್ಲವರಿಗೆ ಮೂರು ಪ್ರಶ್ನೆಗೆ ಒಂದು ಸರಿ, ಎರಡು ತಪ್ಪು: 3 ಬಂತು, 2 ಹೋಯಿತು, ಒಂದು ಉಳಿಯಿತು. ಕಾಳುಮೆಣಸಿನ ಲೆಕ್ಕದಲ್ಲಿ 30 ಎಂಬ ಆಯ್ಕೆಯನ್ನು ಲೆಕ್ಕ ಮಾಡದೆಯೇ ತೆಗೆಯಬಹುದು. ಅದು ಒಂದು ಹನಿ ನೀರೂ ಇಲ್ಲದ ತೂಕ. ಹೀಗೆ ತೆಗೆಯುವುದು ಬರಿಯ ಊಹೆಯಲ್ಲ, ಪೋಲ್ಯಾ ಹೇಳಿದ ನಾಲ್ಕನೆಯ ಹಂತವನ್ನೇ ಮೊದಲಿಗೆ ತಂದುಕೊಳ್ಳುವುದು.

ಮೌಲ್ಯಮಾಪನ

ಕೊನೆಯ ಭಾನುವಾರ 20 ಪ್ರಶ್ನೆಗಳಿಗೆ 24 ನಿಮಿಷ ಕೊಟ್ಟೆವು. ಎಲ್ಲರೂ ಪೂರ್ತಿ ಮುಗಿಸಲಿಲ್ಲ. ವೇಗಕ್ಕೆ ಆರು ಭಾನುವಾರ ಸಾಲದು, ಮನೆಯಲ್ಲಿ ದಿನವೂ ಗಡಿಯಾರ ಇಟ್ಟುಕೊಂಡು ಕೂರಬೇಕು. ಆದರೆ ತಿರುಗಿಸಿ ಕೇಳಿದ ಶೇಕಡಾ ಪ್ರಶ್ನೆಗೆ ಹಿಂದಿನಂತೆ 25 ಎಂದು ಬರೆದವರು ಇಬ್ಬರೇ. ಗಣಿತವನ್ನು ಕೈಬಿಟ್ಟಿದ್ದ ನಾಲ್ವರೂ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಪ್ರಯತ್ನಿಸಿದ್ದರು. ಅವರ ಹಾಳೆಗಳ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ‘ಗಿಂತ’ಗಳಿದ್ದವು. ರ‍್ಯಾಂಕ್ ಬರುತ್ತದೆಯೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು. ಓದುವ ಮೊದಲೇ ಸೋಲೊಪ್ಪುವ ಸ್ಥಿತಿಯಲ್ಲಿ ಅವರು ಈಗ ಇಲ್ಲ.

ಮುಂದಿನ ತಂಡಕ್ಕೆ ಸೂಚನೆಗಳು

• ವಿದ್ಯಾರ್ಥಿ ಅನುಭವದಿಂದ ಆಕ್ಷೇಪ ಎತ್ತಿದರೆ ಪಾಠ ನಿಲ್ಲಿಸಿ ಕೇಳಿ. ಪ್ರಶ್ನೆ ಒಪ್ಪಿಕೊಂಡಿರುವ ಷರತ್ತುಗಳನ್ನು ಹಲಗೆಯ ಮೇಲೆ ಬರೆಯಿಸಿ.
• ಇಂಗ್ಲಿಷ್ ಪ್ರಶ್ನೆಯನ್ನು ಪೂರ್ತಿ ಅನುವಾದಿಸಿ ಕೊಡಬೇಡಿ. ಆಧಾರವನ್ನು ತೋರಿಸುವ ಸಣ್ಣ ಪದಗಳನ್ನು ಮಾತ್ರ ಕನ್ನಡದ ಪ್ರತ್ಯಯಕ್ಕೆ ಜೋಡಿಸಿ.
• ಸೂತ್ರಕ್ಕೆ ಮೊದಲು ಒಂದು ಅನುಕೂಲದ ಸಂಖ್ಯೆ ಹಿಡಿದು ಮಾಡಿಸಿ.
• ತಪ್ಪು ಆಯ್ಕೆ ಯಾವ ತಪ್ಪು ಯೋಚನೆಯಿಂದ ಹುಟ್ಟಿದೆ ಎಂದು ಅವರಿಂದಲೇ ಹೇಳಿಸಿ.

ಅಭ್ಯಾಸಕ್ಕೆ

1. ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ಶೇ. 20 ಕಡಿಮೆ. ಮೊದಲನೆಯದು ಎರಡನೆಯದಕ್ಕಿಂತ ಶೇ. ಎಷ್ಟು ಹೆಚ್ಚು?
2. ಸುಕೇಳಿ ಮಾಡಲು ಸುಲಿದ 64 ಕಿಲೋ ಬಾಳೆಹಣ್ಣಿನಲ್ಲಿ ತೇವಾಂಶ ಶೇ. 75. ಒಣಗಿದ ಮೇಲೆ ಶೇ. 20. ಸುಕೇಳಿಯ ತೂಕ ಎಷ್ಟು?
3. ಒಂದು ರಾಶಿ ಅಡಿಕೆ ಸುಲಿಯಲು ಒಬ್ಬರಿಗೆ 12 ದಿನ, ಇನ್ನೊಬ್ಬರಿಗೆ 6 ದಿನ ಬೇಕು. ಇಬ್ಬರೂ ಸೇರಿ ಸುಲಿದರೆ?

ಉತ್ತರಗಳು: 1) ಶೇ. 25. 2) 20 ಕಿಲೋ. ಬದಲಾಗದ್ದು 16 ಕಿಲೋ ತಿರುಳು, ಅದು ಈಗ ಒಟ್ಟಿನ ಶೇ. 80. 3) 4 ದಿನ. ರಾಶಿಯನ್ನು 12 ಪಾಲು ಎಂದು ಹಿಡಿದರೆ ಇಬ್ಬರೂ ಸೇರಿ ದಿನಕ್ಕೆ 3 ಪಾಲು ಸುಲಿಯುತ್ತಾರೆ.